ಹನ್ನೆರಡು ಸೀರೆ, ಒಂದು ಫೋನು

"ತಮ್ಮಾ, ಗಾಡಿ ಸೈಡಿಗೆ ಹಾಕು."

ಇಷ್ಟು ಕೇಳಿದ ಕೂಡಲೇ ನನ್ನ ಕೈ ತಾನಾಗಿ ತಲೆ ಮುಟ್ಟಿ ನೋಡಿಕೊಂಡಿತು. ಹೆಲ್ಮೆಟ್ ಇತ್ತು. ಲೈಸೆನ್ಸ್ ಇತ್ತು, ಇನ್ಶೂರೆನ್ಸ್ ಇತ್ತು. ಪಿಯುಸಿ ಮಾತ್ರ ಇರಲಿಲ್ಲ. ಪಿಯುಸಿ ಅಂದರೆ ಹೊಗೆ ತಪಾಸಣೆಯ ಚೀಟಿ ಅಂತ ನೆನಪಾಗದೆ ಇನ್ನೂ ಮಾರ್ಕ್ಸ್ ಕಾರ್ಡೇ ನೆನಪಾಗುವ ವಯಸ್ಸು ನಮ್ಮದು.

2024ರ ಏಪ್ರಿಲ್ ಕೊನೆ. ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಮೇ 7ಕ್ಕೆ ಮತದಾನ ಇತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ದಾರಿ ಹಿಡಿದರೂ ಒಂದು ಕಡೆ ಬ್ಯಾರಿಕೇಡ್, ಪಕ್ಕದಲ್ಲಿ ತಗಡಿನ ಶೆಡ್ಡು, ಒಂದು ಟೇಬಲ್ಲು, ಒಂದು ನೀರಿನ ಕ್ಯಾನು, ಬೆವರು ಒರೆಸಿಕೊಳ್ಳುತ್ತ ನಾಲ್ಕು ಜನ. ನಮ್ಮನ್ನು ನಿಲ್ಲಿಸಿದ ನಾಕಾ ಯಾವ ಊರಿನದು ಅಂತ ಹೇಳುವುದಿಲ್ಲ. ಹೇಳಿದರೆ ಈ ಲೇಖನ ಆ ಒಬ್ಬರ ಮೇಲಿನ ದೂರಾಗುತ್ತದೆ. ನನಗೆ ಬರೆಯಬೇಕಾಗಿರುವುದು ನನ್ನ ಬಗ್ಗೆ.

ಗಾಡಿ ನನ್ನದು. ಹಿಂದೆ ಕೂತವನು ನನ್ನ ದೋಸ್ತ, ಬನಹಟ್ಟಿಯವನು. ಅವರಪ್ಪ ನೇಕಾರರು. ಮನೆಯ ಮುಂದಿನ ಅಂಕಣದಲ್ಲೇ ನಾಲ್ಕು ಪಾವರ್‌ಲೂಮು. ಅವರ ಮನೆಗೆ ಹೋದರೆ ಮೊದಲ ಹತ್ತು ನಿಮಿಷ ಯಾರು ಏನು ಮಾತಾಡಿದರೂ ಕೇಳಿಸುವುದಿಲ್ಲ, ಆಮೇಲೆ ಕಿವಿಯೇ ಆ ಸಪ್ಪಳಕ್ಕೆ ಹೊಂದಿಕೊಂಡು ಬಿಡುತ್ತದೆ. ಬೀಳಗಿಯಲ್ಲಿ ಅವರ ಹಳೆಯ ಗಿರಾಕಿಯೊಬ್ಬರ ಮನೆಯಲ್ಲಿ ಮದುವೆ. ಆಯೇರಿಗೆ ಅಂತ ಹನ್ನೆರಡು ಸೀರೆ ಹೇಳಿದ್ದರು. ಸೀರೆ ಮುಟ್ಟಿಸಿ, ಅಲ್ಲೇ ಊಟ ಮಾಡಿ, ರಾತ್ರಿ ಜಮಖಂಡಿಗೆ ನಮ್ಮ ಮನೆಗೆ ಬಂದು ಮಲಗುವುದು ಅಂತ ಪ್ಲ್ಯಾನು.

ಚುನಾವಣೆ ಕಾಲದಲ್ಲಿ ಹನ್ನೆರಡು ಹೊಸ ಸೀರೆ ಅಂದರೆ ಏನು ಅಂತ ನಿಮಗೆ ಗೊತ್ತು. ನನಗೂ ಗೊತ್ತಿರಬೇಕಿತ್ತು.

"ಯಾವ ಪಾರ್ಟಿದಪ್ಪಾ ಇವು?"

"ಪಾರ್ಟಿ ಅಲ್ಲರೀ ಸರ, ಆಯೇರಿ ಸೀರಿ. ನಮ್ಮ ಮನ್ಯಾಗ ನೇಯ್ದಿದ್ದು," ಅಂದ ದೋಸ್ತ.

"ಬಿಲ್?"

ಬಿಲ್ ಎಲ್ಲಿಂದ ಬರಬೇಕು? ಅಪ್ಪ ನೇಯ್ದದ್ದನ್ನು ಮಗ ಒಯ್ಯುವುದಕ್ಕೆ ಯಾರು ಬಿಲ್ ಹರಿಯುತ್ತಾರೆ? ಇಲ್ಲಿಯವರೆಗೆ ಪೊಲೀಸರ ತಪ್ಪು ಏನೂ ಇರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ನಾನು ಅವರ ಜಾಗದಲ್ಲಿದ್ದರೂ ಕೇಳುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಸೀರೆ ಹಂಚಿ ಓಟು ಕೇಳುವವರು ಇಲ್ಲ ಅಂತ ಆಣೆ ಮಾಡುವ ಧೈರ್ಯ ನನಗಂತೂ ಇಲ್ಲ.

ನಂತರ ಹೆಸರು ಕೇಳಿದರು. ಅಡ್ಡಹೆಸರು ಕೇಳಿದರು. ಓಣಿ ಕೇಳಿದರು, ಅಪ್ಪ ಏನು ಮಾಡತಾರ ಅಂತ ಕೇಳಿದರು. ನಮ್ಮಪ್ಪ ಹೈಸ್ಕೂಲ್ ಮಾಸ್ತರು. ಅದನ್ನು ಹೇಳಿದ ಮೇಲೆ ನನಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ದೋಸ್ತನಿಗೆ ಬರಲಿಲ್ಲ. ನಾನು ಕೂತೆ. ಅವನು ನಿಂತಿದ್ದ. ಎದ್ದು ನಿಲ್ಲಬೇಕು ಅಂತ ನನಗೆ ಅನ್ನಿಸಿದ್ದು ಮನೆಗೆ ಬಂದ ಮೇಲೆ.

"ಫೋನ್ ತಗಿ. ವಾಟ್ಸಾಪ್ ತೋರಸು. ಪಾರ್ಟಿ ಗ್ರೂಪ್ ಅದಾವೇನ ನೋಡೂಣು."

ದೋಸ್ತ ಫೋನ್ ತೆಗೆದ, ಆದರೆ ಕೈಯಲ್ಲೇ ಹಿಡಿದುಕೊಂಡ. "ಸರ, ಪರ್ಸನಲ್ ಅದರೀ," ಅಂದ. ದನಿ ಏರಿಸಲಿಲ್ಲ. ಕೋರ್ಟು ಕಾನೂನು ಏನೂ ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಸುಮ್ಮನೆ ಕೊಡಬೇಕು ಅನ್ನಿಸಲಿಲ್ಲ ಅಷ್ಟೆ.

"ಪರ್ಸನಲ್ ಅಂದ್ರ ಏನೋ ಐತಿ ಅಂತನ ಅರ್ಥ," ಅಂದರು ಅವರು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು.

ನಾನು ಕೊಟ್ಟೆ. ಬೆರಳಿಟ್ಟು ಅನ್‌ಲಾಕ್ ಮಾಡಿ ಕೊಟ್ಟೆ. ಕೇಳಿ ಎರಡು ಸೆಕೆಂಡ್ ಆಗಿರಲಿಲ್ಲ. ನನ್ನ ಫೋನಿನಲ್ಲಿ ಅಂಥದ್ದೇನೂ ಇಲ್ಲ, ಕಾಲೇಜು ಗ್ರೂಪು, ಕ್ರಿಕೆಟ್ ಗ್ರೂಪು, ಅವ್ವ ಕಳಿಸುವ ಗುಡ್ ಮಾರ್ನಿಂಗ್ ಚಿತ್ರ ಅಂತ ಅಂದುಕೊಂಡಿದ್ದೆ. ಸರ್ಚ್ ಬಾಕ್ಸಿನಲ್ಲಿ ಅವರು ದೋಸ್ತನ ಹೆಸರು ಹಾಕಬಹುದು ಅಂತ ಹೊಳೆಯಲೇ ಇಲ್ಲ.

ಹೆಸರು ಹಾಕಿದರು. ಮೇಲಕ್ಕೆ ಸರಿಸಿದರು. ಫೆಬ್ರುವರಿಯಲ್ಲಿ ಅವನು ನನಗೆ ಕಳಿಸಿದ ಉದ್ದನೆಯ ಮೆಸೇಜು ಸಿಕ್ಕಿತು. ಅವನ ಅವ್ವನ ಬೋರಮಾಳ ಅಡವಿಟ್ಟು ಫೀ ಕಟ್ಟಿದ್ದು, ಸಂಘದ ಸಾಲದ ಕಂತು ಎರಡು ತಿಂಗಳಿಂದ ನಿಂತಿದ್ದು, ಬ್ಯಾಕ್‌ಲಾಗ್ ಉಳಿದರೆ ಓದು ಬಿಟ್ಟು ಮಗ್ಗಕ್ಕೆ ಕೂರುತ್ತೇನೆ ಅಂತ ಬರೆದದ್ದು. ಆ ಮನುಷ್ಯ ಅದನ್ನು ಗಟ್ಟಿಯಾಗಿ ಓದಿದರು. ಇನ್ನೊಬ್ಬರು ಕೇಳಿದರು, "ಫೀ ಕಟ್ಟಾಕ ಬೋರಮಾಳ ಇಟ್ಟಾರಂತ, ಹಂಗಾರ ಹನ್ನೆರಡು ಸೀರಿ ಎಲ್ಲಿಂದ ಬಂದೂವು?" ಯಾರೋ ನಕ್ಕರು. ಜೋರಾಗಿ ಅಲ್ಲ.

ದೋಸ್ತ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದ.

ಒಂದು ತಾಸಿನ ಮೇಲೆ ಅವರಪ್ಪ ಫೋನಿನಲ್ಲಿ ಮಾತಾಡಿ, ಬೀಳಗಿಯ ಗಿರಾಕಿ ಲಗ್ನಪತ್ರಿಕೆಯ ಫೋಟೋ ಕಳಿಸಿದ ಮೇಲೆ ಬಿಟ್ಟರು. ಸೀರೆ ಎಣಿಸಿ ವಾಪಸು ಕೊಟ್ಟರು. ಒಬ್ಬರು ಚಹಾ ಕೂಡ ಕೊಟ್ಟರು, ಕುಡಿದೆವು. ಹೊಡೆತ ಇಲ್ಲ, ಬೈಗುಳ ಇಲ್ಲ, ರೊಕ್ಕ ಕೇಳಲಿಲ್ಲ. ಯಾರ ಮುಂದೆ ಹೇಳಿದರೂ "ಅಷ್ಟೇನಾ?" ಅನ್ನುತ್ತಾರೆ. ದಾರಿಯುದ್ದಕ್ಕೂ ದೋಸ್ತ ಮಾತಾಡಲಿಲ್ಲ. ಜಮಖಂಡಿಗೆ ಬರಲಿಲ್ಲ, ಬೀಳಗಿಯಲ್ಲೇ ಉಳಿದುಕೊಂಡ. ಇಳಿಯುವಾಗ ಒಂದೇ ಮಾತು ಹೇಳಿದ: "ಫೋನ್ ನಿಂದು. ಅದರಾಗಿದ್ದದ್ದು ನಂದಾಗಿತ್ತು."

ಜಮಖಂಡಿಯಲ್ಲಿ ನಮ್ಮ ಸೋದರಮಾವ ವಕೀಲರು. ನಮ್ಮ ಕಡೆ ಮಾಮಾ ಅಂತೀವಿ. ಮರುದಿನ ಹೋಗಿ ಎಲ್ಲ ಹೇಳಿದೆ. ಪೊಲೀಸರನ್ನು ಬೈಯುತ್ತಾರೆ, ನನಗೆ ಸ್ವಲ್ಪ ಹಗುರಾಗುತ್ತದೆ ಅಂತ ಲೆಕ್ಕ ಹಾಕಿದ್ದೆ.

"ಅವರು ಕಸಗೊಂಡ್ರೇನು?"

"ಇಲ್ಲ ಮಾಮಾ. ಕೇಳಿದ್ರು, ಕೊಟ್ಟೆ."

"ಕೊಟ್ಟಿ. ಮತ್ತ ಕೊಟ್ಟ ಮ್ಯಾಲ ಕಾನೂನು ಬಂದು ನಿನ್ನ ಕೈ ಹಿಡೀತೈತೇನು?"

ಆಮೇಲೆ ಎರಡು ತಾಸು ಕೂರಿಸಿ ಹೇಳಿದರು. ಸೆಮಿಸ್ಟರಿನಲ್ಲಿ ಭಾರತ ಸಂವಿಧಾನ ಅಂತ ಒಂದು ವಿಷಯ ಓದಿ ಪಾಸಾದವರು ನಾವೆಲ್ಲ. ಅವರು ಹೇಳಿದ್ದರಲ್ಲಿ ಅರ್ಧವೂ ನನಗೆ ಗೊತ್ತಿರಲಿಲ್ಲ.

ಮೊದಲನೆಯದು, ನಮ್ಮ ದೇಶದಲ್ಲಿ "ರಸ್ತೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಏನನ್ನಾದರೂ ಹುಡುಕಬಹುದು" ಅಂತ ಪೊಲೀಸರಿಗೆ ಒಂದೇ ಸಾರಾಸಗಟು ಅಧಿಕಾರ ಕೊಟ್ಟ ಕಾನೂನಿಲ್ಲ. ಬೇರೆ ಬೇರೆ ಕಾಯ್ದೆಯಲ್ಲಿ ತುಂಡು ತುಂಡಾಗಿ ಅಧಿಕಾರ ಇದೆ, ಪ್ರತಿ ತುಂಡಿಗೂ ಒಂದು ಷರತ್ತು ಇದೆ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು, ಅದು ಮೋಟಾರು ವಾಹನ ಕಾಯ್ದೆಯ 130ನೇ ಕಲಮು. ಡಿಜಿಲಾಕರಿನಲ್ಲಿರುವುದನ್ನು ತೋರಿಸಿದರೂ ನಡೆಯುತ್ತದೆ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ನ್ನೇ ತಿದ್ದಿ ಹಾಗೆ ಮಾಡಿದ್ದಾರೆ. ಲೈಸೆನ್ಸ್ ಇಲ್ಲದೆ, ನೋಂದಣಿ ಇಲ್ಲದೆ ಓಡಿಸಿದರೆ ಗಾಡಿ ಹಿಡಿದಿಡಲು 207 ಇದೆ. ಆದರೆ ನಿಂತ ಗಾಡಿಯ ಕೀಲಿಯನ್ನು ಮೊದಲು ಕಿತ್ತುಕೊಂಡು ಆಮೇಲೆ ಮಾತು ಶುರು ಮಾಡುವ ನಮ್ಮೂರ ಪದ್ಧತಿಗೆ ಕಲಮು ಹುಡುಕಬೇಡ, ಅಂದರು ಮಾಮಾ.

ಚುನಾವಣೆಯ ನಾಕಾಕ್ಕೂ ನಿಯಮ ಇದೆ. ಆಯೋಗದ ಸೂಚನೆ ಪ್ರಕಾರ ಅಂಥ ತಂಡದ ತಪಾಸಣೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವವರ ಸಮಕ್ಷಮದಲ್ಲಿ ನಡೆಯಬೇಕು, ವಿಡಿಯೋ ಆಗಬೇಕು. 50 ಸಾವಿರದ ಮೇಲಿನ ನಗದು, 10 ಸಾವಿರದ ಮೇಲಿನ ಉಡುಗೊರೆ ಸಾಮಾನು ಅಂತ ಮಿತಿ ಹಾಕಿರುವುದು ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರ ವಾಹನಕ್ಕೆ. ನಮ್ಮ ಸೀರೆ ಒಂದಕ್ಕೆ 650ರಂತೆ 7,800 ರೂಪಾಯಿ. ಮಾಮಾ ಇದನ್ನು ಲೆಕ್ಕ ಮಾಡಿ ಹೇಳಿದಾಗ ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಇನ್ನು ನಮ್ಮಂಥ ಹುಡುಗರ ಜೇಬಿಗೆ ಕೈ ಹಾಕುವಾಗ ಹೆಚ್ಚಾಗಿ ಬರುವ ಹೆಸರು ಗಾಂಜಾ. ಮಾದಕ ವಸ್ತು ಕಾಯ್ದೆ, 1985. ಸಾರ್ವಜನಿಕ ಜಾಗದಲ್ಲಿ ಮೈ ತಪಾಸಣೆ ಮಾಡುವ ಅಧಿಕಾರ ಅದರಲ್ಲಿ ಇದೆ, ಆದರೆ ನಂಬಲು ಕಾರಣ ಇರಬೇಕು. ಅದರ 50ನೇ ಕಲಮು ನಮ್ಮ ಕಡೆಯದು: ಹತ್ತಿರದ ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೇ ನನ್ನ ಮೈ ತಪಾಸಣೆ ಆಗಲಿ ಅಂತ ಕೇಳುವ ಹಕ್ಕು ನಮಗಿದೆ. ಆ ಹಕ್ಕು ಇದೆ ಅಂತ ಪೊಲೀಸರೇ ನಮಗೆ ತಿಳಿಸಬೇಕು. 1999ರಲ್ಲಿ ಬಲದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನೇ ಹೇಳಿತು. ಚೀಲಕ್ಕೆ ಇದು ಅನ್ವಯಿಸುವುದಿಲ್ಲ, ಮೈಗೆ ಮಾತ್ರ. ಹೆಣ್ಣುಮಕ್ಕಳ ಮೈ ತಪಾಸಣೆಯನ್ನು ಹೆಣ್ಣುಮಕ್ಕಳೇ ಮಾಡಬೇಕು. ಇದನ್ನಂತೂ ನಮ್ಮ ಲೇಡೀಸ್ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಹಚ್ಚಬೇಕು.

ಫೋನಿನ ವಿಷಯಕ್ಕೆ ಬಂದಾಗ ಮಾಮಾ ಎದ್ದು ಒಂದು ತೀರ್ಪಿನ ಪ್ರಿಂಟ್ ತಂದರು. ವೀರೇಂದ್ರ ಖನ್ನಾ ಪ್ರಕರಣ, ನಮ್ಮದೇ ಕರ್ನಾಟಕ ಹೈಕೋರ್ಟು, 2021ರ ಮಾರ್ಚ್ 12. ಬೆಂಗಳೂರಿನ ಡ್ರಗ್ಸ್ ಪ್ರಕರಣವೊಂದರಲ್ಲಿ ಹುಟ್ಟಿದ ಪ್ರಶ್ನೆ: ಪೊಲೀಸರು ಫೋನಿನ ಪಾಸ್‌ವರ್ಡ್ ಕೇಳಬಹುದೆ? ತನಿಖಾಧಿಕಾರಿ ಕೇಳಬಹುದು, ಆದರೆ ಕೊಡುವುದಿಲ್ಲ ಅಂದರೆ ಸಾಧಾರಣವಾಗಿ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಅಂತ ನ್ಯಾಯಾಲಯ ಹೇಳಿತು. ತುರ್ತು ಇದ್ದರೆ ಕಾರಣವನ್ನು ಬರೆದಿಟ್ಟು ಮುಂದುವರಿಯಬೇಕು. ಒಳಗೆ ಸಿಕ್ಕ ಖಾಸಗಿ ಮಾಹಿತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವ ಹಾಗಿಲ್ಲ. ಪೂರ್ತಿ ನಮ್ಮ ಪರವಾಗಿಯೇ ಇದೆ ಅಂದುಕೊಳ್ಳಬೇಡಿ. ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಆದರೂ ಅದೆಲ್ಲ ಒಂದು ಪ್ರಕರಣ, ಒಬ್ಬ ತನಿಖಾಧಿಕಾರಿ, ಒಂದು ಕೋರ್ಟು ಇರುವ ಜಗತ್ತಿನ ಮಾತು. ತಗಡಿನ ಶೆಡ್ಡಿನಲ್ಲಿ ಕೈ ಚಾಚಿ ನಿಂತವರ ಬಳಿ ಅದ್ಯಾವುದೂ ಇರಲಿಲ್ಲ. ಅವರ ಬಳಿ ಇದ್ದದ್ದು ನನ್ನ ಹೆದರಿಕೆ ಒಂದೇ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವಯಸ್ಸು. ನಾನು ಇಪ್ಪತ್ತಕ್ಕೆ ಎರಡು ಸೆಕೆಂಡಿನಲ್ಲಿ ಕೊಟ್ಟದ್ದಕ್ಕೆ ಅವರು ಎಂಬತ್ತಾರಕ್ಕೆ ಕೋರ್ಟು ಹತ್ತಿದ್ದರು.

ಇದೆಲ್ಲ ಬೆಂಗಳೂರಿನಂಥ ಊರಿನವರಿಗೆ, ಟ್ವಿಟ್ಟರ್ ಇರುವವರಿಗೆ ಸರಿ ಅಂತ ನನ್ನ ರೂಮ್‌ಮೇಟ್ ವಾದ ಮಾಡಿದ. ಅರ್ಧ ಸತ್ಯ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರು ರಾತ್ರಿ ಹನ್ನೆರಡೂವರೆ ಹೊತ್ತಿಗೆ ಸ್ನೇಹಿತರ ಮನೆಯಿಂದ ನಡೆದು ಬರುತ್ತಿದ್ದಾಗ ಪೊಲೀಸರು ನಿಲ್ಲಿಸಿ, ಹನ್ನೊಂದರ ಮೇಲೆ ರಸ್ತೆಯಲ್ಲಿ ಓಡಾಡುವ ಹಾಗಿಲ್ಲ ಅಂತ ದಂಡ ಕೇಳಿದ ಸುದ್ದಿ ನೆನಪಿದೆಯಾ? ಅಂಥ ನಿಯಮವೇ ಇರಲಿಲ್ಲ. ಕೊನೆಗೆ 1,000 ರೂಪಾಯಿಯನ್ನು ಕ್ಯೂಆರ್ ಕೋಡ್ ತೋರಿಸಿ ಹಾಕಿಸಿಕೊಂಡರು. ಅವರು ಟ್ವಿಟ್ಟರಿನಲ್ಲಿ ಬರೆದರು, ಇಬ್ಬರು ಸಿಬ್ಬಂದಿ ಸಸ್ಪೆಂಡ್ ಆದರು. ಕ್ಯೂಆರ್ ಕೋಡಿನಲ್ಲಿ ಲಂಚ ತೆಗೆದುಕೊಳ್ಳುವಷ್ಟು ಧೈರ್ಯ ಎಲ್ಲಿಂದ ಬಂತು ಅಂತ ನಾವು ಆಗ ನಕ್ಕಿದ್ದೆವು. ಹೈದರಾಬಾದಿನಲ್ಲಿ 2021ರ ಅಕ್ಟೋಬರಿನಲ್ಲಿ ಪೊಲೀಸರು ಬೈಕ್ ನಿಲ್ಲಿಸಿ ವಾಟ್ಸಾಪಿನಲ್ಲಿ 'ಗಾಂಜಾ' ಅಂತ ಟೈಪ್ ಮಾಡಿ ಹುಡುಕುತ್ತಿದ್ದ ವಿಡಿಯೋ ಕೂಡ ಎಲ್ಲರ ಫೋನಿಗೂ ಬಂದಿತ್ತು. ನಮ್ಮ ನಾಕಾದವರು ಅದನ್ನು ನೋಡಿಯೇ ಕಲಿತರೋ ಏನೋ. ಒಳ್ಳೆಯ ಸರ್ಚ್ ಇಂಜಿನ್ ಹಿಂದೆ ಒಳ್ಳೆಯ ಇಂಜಿನಿಯರ್ ಇರುತ್ತಾನೆ, ಪಾಪ, ನಮ್ಮವರೇ.

ಬ್ರಿಟನ್ನಿನಲ್ಲಿ 1984ರಿಂದ ಇದಕ್ಕೆ ಒಂದು ಕಾಯ್ದೆಯೇ ಇದೆ. ಹುಡುಕುವ ಮುಂಚೆ ಪೊಲೀಸರು ತಮ್ಮ ಹೆಸರು, ಠಾಣೆ, ಏನು ಹುಡುಕುತ್ತಿದ್ದೇವೆ, ಯಾಕೆ ಸಂಶಯ ಅನ್ನುವುದನ್ನು ಹೇಳಬೇಕು. ಬರೆದ ದಾಖಲೆಯ ಪ್ರತಿ ಕೇಳಬಹುದು. ಅಲ್ಲೂ ಕಪ್ಪು ಹುಡುಗರೇ ಹಲವು ಪಟ್ಟು ಹೆಚ್ಚು ಸಿಕ್ಕಿಬೀಳುತ್ತಾರೆ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಕುರ್ಚಿ ಯಾರಿಗೆ ಅನ್ನುವ ಪ್ರಶ್ನೆ ಅಲ್ಲಿಯೂ ಇದೆ ಅನ್ನಿ.

ಅದೇ ಬ್ರಿಟಿಷರು ನಮ್ಮ ಕಡೆ ಏನು ಮಾಡಿದ್ದರು ಅನ್ನುವುದು ನಮಗೆಲ್ಲ ಹತ್ತನೇ ಕ್ಲಾಸಿಗೆ ಪಾಠ ಆಗಿದೆ, ಹಲಗಲಿ ಬೇಡರ ಲಾವಣಿ. ಕಂಠಪಾಠ ಮಾಡಿದ್ದೆವು, ನಾಲ್ಕು ಮಾರ್ಕಿಗೆ. ಹಲಗಲಿ ಈಗ ಮುಧೋಳ ತಾಲೂಕಿನಲ್ಲಿದೆ, ನಮ್ಮ ಮನೆಯಿಂದ ಗಾಡಿ ಮೇಲೆ ಹೋಗಿ ಬರುವ ದೂರ. 1857ರಲ್ಲಿ ಸರಕಾರ ಎಲ್ಲರ ಹತಾರ ಕೊಡಬೇಕು ಅಂತ ಕಾಯ್ದೆ ಮಾಡಿತು. ಬೇಡರಿಗೆ ಹತಾರ ಅಂದರೆ ಬೇಟೆ, ಹೊಟ್ಟೆ, ಮರ್ಯಾದೆ ಎಲ್ಲ. ಕೊಡಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು. ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೆ ಹಾಕಿದರು, 13 ಜನರನ್ನು ಮುಧೋಳದಲ್ಲಿ, ಉಳಿದ 6 ಜನರನ್ನು ಹಲಗಲಿಯಲ್ಲಿ. ಪಾಠದಲ್ಲಿ ಜಡಗ, ಬಾಲರ ಶೌರ್ಯದ ಮೇಲೆ ಪ್ರಶ್ನೆ ಇತ್ತು. ಮನೆಯೊಳಗಿನದನ್ನು ತಂದು ಒಪ್ಪಿಸು ಅಂದವನಿಗೆ ಯಾಕೆ ಅಂತ ಕೇಳಿದರು ಅನ್ನುವ ಭಾಗಕ್ಕೆ ಮಾರ್ಕು ಇರಲಿಲ್ಲ. ನಮ್ಮ ಫೋನಿಗೂ ಅವರ ಹತಾರಕ್ಕೂ ಹೋಲಿಕೆ ಮಾಡಿದರೆ ಅವರು ನಗುತ್ತಿದ್ದರು, ಗೊತ್ತು. ಆ ನಾಕಾ ದಾಟಿದ ಮೇಲೆ ಹಲಗಲಿಯ ಬೋರ್ಡು ಎಲ್ಲೇ ಕಂಡರೂ ನನಗೆ ಸ್ವಲ್ಪ ಮುಖ ತಿರುಗಿಸಬೇಕು ಅನ್ನಿಸುತ್ತದೆ, ಅಷ್ಟೆ.

ಮಾಮಾ ಹೇಳಿದ್ದರಲ್ಲಿ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಆಗ ಸಿಆರ್‌ಪಿಸಿ ಇತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಮಿನ ನಂಬರು ಬದಲಾಗಿವೆ, ಹಕ್ಕು ಹೋಗಿಲ್ಲ. ಬಂಧಿಸಿದರೆ ಯಾಕೆ ಅಂತ ಹೇಳಬೇಕು (47), ನಾವು ಹೇಳಿದ ಒಬ್ಬ ಬಂಧುವಿಗೋ ಗೆಳೆಯನಿಗೋ ತಿಳಿಸಬೇಕು (48), ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು (58). ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣಬೇಕು (36). ಇದರ ಹಿಂದೆ ಡಿ. ಕೆ. ಬಸು ಅನ್ನುವವರು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬರೆದ ಒಂದು ಕಾಗದ ಇದೆ. ಹತ್ತು ವರ್ಷ ಆದ ಮೇಲೆ, 1996ರಲ್ಲಿ ತೀರ್ಪು ಬಂತು. ಹದಿನೆಂಟು ತುಂಬದವರನ್ನು, ಅಂದರೆ ನಮ್ಮ ಡಿಪ್ಲೊಮಾ ಮತ್ತು ಪಿಯು ತಮ್ಮಂದಿರನ್ನು, ಲಾಕಪ್ಪಿಗೆ ಹಾಕುವ ಹಾಗೇ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಬಾಲ ನ್ಯಾಯ ಮಂಡಳಿಯ ಮುಂದೆ ಒಯ್ಯಬೇಕು. ವಕೀಲರಿಗೆ ಕೊಡಲು ರೊಕ್ಕ ಇಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

"ಇಷ್ಟೆಲ್ಲ ಬಾಯಿಪಾಠ ಮಾಡಿ ಅಲ್ಲಿ ಭಾಷಣ ಹೊಡಿಯಾಕ ಹೋಗಬ್ಯಾಡ ಮತ್ತ," ಅಂದರು ಮಾಮಾ. "ಕೈ ಕಟ್ಟಿ ನಿಲ್ಲೂದು ಬ್ಯಾಡ, ಕೈ ಎತ್ತೂದೂ ಬ್ಯಾಡ. ಏನು ಹುಡುಕಾಕತ್ತೀರಿ ಸರ, ಅಂತ ಸಮಾಧಾನಲೆ ಕೇಳು. ಚೀಲ ತೋರಸು. ಫೋನ್ ಕೇಳಿದ್ರ, ಮನಿಗೆ ಒಂದು ಮಾತು ಫೋನ್ ಮಾಡಿ ಕೇಳತೀನಿ ಅನ್ನು. ಮುಂದ ಅವರು ಏನು ಮಾಡತಾರೋ ಅದು ಅವರ ಪಾಪ. ಕೊಡೂದಷ್ಟ ನಿನ್ನ ಪಾಪ."

ನಮ್ಮ ಬ್ಯಾಚಿನಲ್ಲೇ ಐದಾರು ಜನ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಗ್ರೌಂಡಿನಲ್ಲಿ ಓಡುತ್ತಾರೆ. ನಾಳೆ ಅವರಲ್ಲಿ ಒಬ್ಬ ಬಿಸಿಲಲ್ಲಿ ಹನ್ನೆರಡು ತಾಸು ನಿಂತು, ಕಬ್ಬಿನ ಟ್ರ್ಯಾಕ್ಟರಿಗೆ ರಿಫ್ಲೆಕ್ಟರ್ ಇದೆಯಾ ನೋಡಿ, ಸಂಜೆ ನಮ್ಮಂಥ ಹುಡುಗನ ಮುಂದೆ ಕೈ ಚಾಚುತ್ತಾನೆ. ಅವರಲ್ಲಿ ಒಬ್ಬನಿಗೆ ಈ ಕಥೆ ಹೇಳಿದೆ. "ಸೀರಿ ಹಿಡಿದಿದ್ದು ಕರೆಕ್ಟ್. ಮೆಸೇಜ್ ಗಟ್ಟಿ ಓದಿದ್ದು ತಪ್ಪು," ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಾನಾದರೂ ಓದತಿದ್ದೆ ಅನಸತೈತಿ, ಮನಸಿನ್ಯಾಗ," ಅಂದ. ಅವನ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ದೋಸ್ತ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಕ್ಲಾಸಿನಲ್ಲಿ ಅದೇ ಬೆಂಚು, ಆದರೆ ನಡುವೆ ಚೀಲ. ಕೊನೆಗೆ ನಾನೇ ಒಂದು ರವಿವಾರ ಬನಹಟ್ಟಿಗೆ ಹೋದೆ. ಕರೆಂಟ್ ಹೋಗಿತ್ತು, ಮಗ್ಗ ನಿಂತಿದ್ದವು. ಆ ಮನೆಯನ್ನು ಅಷ್ಟು ಮೌನವಾಗಿ ನಾನು ನೋಡಿರಲಿಲ್ಲ. ಅವರಪ್ಪ ಲಾಳಿ ಕೈಯಲ್ಲಿ ಹಿಡಿದು ಕೂತಿದ್ದರು. "ಬಾರೋ ತಮ್ಮಾ, ಊಟ ಮಾಡು," ಅಂದರು. ಅವ್ವ ರೊಟ್ಟಿ ಬಡಿಯುತ್ತಿದ್ದರು. ಕೊರಳು ನೋಡಬಾರದು ಅಂದುಕೊಂಡರೂ ನೋಡಿದೆ. ತಾಳಿ, ಕರಿಮಣಿ ಅಷ್ಟೇ ಇತ್ತು. ಅವರಿಗೆ ನಾಕಾದಲ್ಲಿ ಸೀರೆ ಹಿಡಿದದ್ದು ಗೊತ್ತು, ಓದಿದ್ದು ಗೊತ್ತಿಲ್ಲ. ದೋಸ್ತ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಹಿತ್ತಲಲ್ಲಿ ಕೈ ತೊಳೆಯುವಾಗ "ತಪ್ಪಾತು" ಅಂದೆ. "ಹೂಂ" ಅಂದ. ಅಷ್ಟರಲ್ಲಿ ಕರೆಂಟ್ ಬಂತು, ನಾಲ್ಕೂ ಮಗ್ಗ ಒಮ್ಮೆಲೇ ಶುರುವಾದವು. ಮುಂದೆ ಅವನು ಏನೋ ಅಂದ, ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಲಿಲ್ಲ.

ಈಗ ಸೀರೆಯನ್ನು ಬಸ್ಸಿಗೆ ಹಾಕಿ ಕಳಿಸುತ್ತಾನೆ, ಒಂದು ಬಿಲ್ ಬುಕ್ಕೂ ಮಾಡಿಸಿದ್ದಾನೆ. ನನ್ನನ್ನು ಆಮೇಲೆ ಎರಡು ಸಲ ನಿಲ್ಲಿಸಿದ್ದಾರೆ. ಎರಡೂ ಸಲ ನನ್ನ ಎದೆ ಬಡಿತ ಹೆಲ್ಮೆಟ್ಟಿನೊಳಗೆ ಕೇಳಿಸುತ್ತಿತ್ತು, ಮಾಮಾ ಹೇಳಿದ ಮಾತು ತುದಿನಾಲಿಗೆಯಲ್ಲೇ ಇತ್ತು. ಎರಡೂ ಸಲ ಲೈಸೆನ್ಸ್ ನೋಡಿ "ಹೋಗು" ಅಂದರು. ಹಾಗಾಗಿ ಫೋನ್ ಕೇಳಿದರೆ ನಾನು ಏನು ಮಾಡುತ್ತೇನೆ ಅಂತ ನನಗೇ ಇನ್ನೂ ಪರೀಕ್ಷೆ ಆಗಿಲ್ಲ.

ಇದನ್ನು ಬರೆದು ಕ್ಲಬ್ಬಿಗೆ ಕಳಿಸುವ ಮುಂಚೆ ಅವನಿಗೆ ಕೊಟ್ಟೆ. ಈ ಸಲ ಕೇಳಿಯೇ ಕೊಡೋಣ ಅಂತ. ಕ್ಯಾಂಟೀನಿನಲ್ಲಿ ಕೂತು ಪೂರ್ತಿ ಓದಿದ. ಎರಡು ಕಡೆ ಕಾಗುಣಿತ ತಿದ್ದಿದ. ಬೋರಮಾಳದ ಸಾಲು ತೆಗೆಯಲಾ ಅಂತ ಕೇಳಿದೆ.

"ಇರಲಿ," ಅಂದ. "ಹೋದ ತಿಂಗಳ ಬಿಡಿಸಿಕೊಂಡ ಬಂದೇವಿ ಅಂತನೂ ಬರಿ."